ಪರದೆಯ ಮೇಲಿನ ಮಕ್ಕಳು

ಜರ್ಜಿಸ್, ನವೆಂಬರ್ ೧೪, ಗುರುವಾರ

ನನ್ನ ಪ್ರಿಂಟಿಂಗ್ ಅಂಗಡಿಯ ಕಂಪ್ಯೂಟರ್ ಇವತ್ತೂ ತೆವಳಿತು. ಕೆಲಸ ಹುಡುಕಿ ದೋಣಿಯಲ್ಲಿ ಸಮುದ್ರ ದಾಟಲು ಹೋಗಿ ಕಾಣೆಯಾದ ಹುಡುಗರ ಫೋಟೊಗಳೆಲ್ಲ ಡೆಸ್ಕ್‌ಟಾಪಿನ ಮೇಲೇ ಇವೆ. ಮಕ್ಕಳನ್ನು ಹುಡುಕಿಕೊಡಿ ಎಂಬ ಧರಣಿಗೆ ಹೋಗುವ ಮುಂಚೆ ತಾಯಂದಿರು ಬಂದು ಪ್ರಿಂಟ್ ಹಾಕಿಸುತ್ತಾರೆ.

ರಿಪೇರಿಯ ರಮ್ಜಿ ಬೈದ: "ಹೀಗೆ ಹರಡಿಕೊಂಡ್ರೆ ಅದು ಓಡುತ್ತಾ ಅಕ್ಕಾ? ಎಲ್ಲಾ ಒಂದು ಫೋಲ್ಡರಿಗೆ ತುಂಬು."

ತುಂಬಿದೆ. ಓಡಿತು.

ಸಂಜೆ ಬಂದ ಮಬ್ರೂಕಾ ಚಿಕ್ಕಮ್ಮ ಖಾಲಿ ಪರದೆ ನೋಡಿ ನಿಂತೇಬಿಟ್ಟಳು.

"ನನ್ನ ಮಗ ಎಲ್ಲೇ?"

"ಒಳಗಿದ್ದಾನೆ ಚಿಕ್ಕಮ್ಮ."

"ಸಮುದ್ರ ಬಚ್ಚಿಟ್ಕೊಂಡಿದ್ದು ಸಾಲದಾ? ನೀನೂ ಬಚ್ಚಿಡ್ತೀಯಾ?"

ಎಲ್ಲರನ್ನೂ ಮತ್ತೆ ಹೊರಗೆ ತಂದೆ. ಕಂಪ್ಯೂಟರ್ ಮತ್ತೆ ತೆವಳತೊಡಗಿತು. "ಪರವಾಗಿಲ್ಲ, ಕಾಯ್ತೀನಿ" ಎಂದಳು ಚಿಕ್ಕಮ್ಮ. ಮಗ ಬರುವುದಿಲ್ಲವೆಂದು ಇಬ್ಬರಿಗೂ ಗೊತ್ತು.

ಬಾಗಿಲು ಎಳೆಯುವಾಗ ಇನ್ನೊಬ್ಬ ತಾಯಿ ಹೊಸ ಫೋಟೊ ತಂದಳು. ಪರದೆಯಲ್ಲಿ ಜಾಗವೇ ಇರಲಿಲ್ಲ. ಮಬ್ರೂಕಾಳ ಮಗನ ಮೇಲೆಯೇ ಈ ಹೊಸ ಹುಡುಗನನ್ನೂ ಇಟ್ಟೆ.