ಕ್ಷೌರದಂಗಡಿಯ ಕುಳ್ಳ ದಾಸವಾಳ

ಪ್ರೀತಿಯ ಅಕ್ಕನಿಗೆ ನಮಸ್ಕಾರ.

ಅಂಗಡಿ ತೆರೆದ ದಿನ ನೀನು ಕೊಟ್ಟಿದ್ದ ಕುಳ್ಳ ದಾಸವಾಳ ಇವತ್ತು ಹೂ ಬಿಟ್ಟಿದೆ! ಒಂದಲ್ಲ, ಐದು! ಸೋಪು ಹಚ್ಚಿದ ಗಿರಾಕಿಯನ್ನು ಕುರ್ಚಿಯಲ್ಲೇ ಕೂರಿಸಿ ಇದನ್ನು ಬರೆಯುತ್ತಿದ್ದೇನೆ.

ನನ್ನ ಹೆಂಡತಿ ತೀರಿಕೊಂಡ ಮೇಲೆ ನೀನು ಬಂದಾಗ ಗಿಡ ಒಣಗಿ ನಿಂತಿತ್ತು. "ಗಿಡಕ್ಕೆ ನೀರು ಹಾಕೋಕಾಗದವನು ಮಗೂನ ಹೆಂಗೋ ಸಾಕ್ತೀಯ?" ಎಂದು ನೀನು ನನ್ನ ಮಗಳನ್ನು ನಿನ್ನ ಮನೆಗೆ ಕರೆದುಕೊಂಡು ಹೋದೆ. ನೀನು ಹೇಳಿದ್ದು ಸುಳ್ಳೇನಲ್ಲ.

ಮರುದಿನವೇ ನಾನು ಗೇಣುದ್ದ ಕಾಂಡ ಬಿಟ್ಟು ಮಿಕ್ಕದ್ದನ್ನೆಲ್ಲ ಕತ್ತರಿಸಿದೆ. "ಗಿಡಾನೂ ಬೋಳಿಸಿಬಿಟ್ಯಲ್ಲೋ!" ಎಂದು ಗಿರಾಕಿಗಳು ನಕ್ಕರು. ಚಿಗುರಿಗೆ ಬಿಳಿ ಹುಳು ಹತ್ತಿದಾಗ ಗಡ್ಡದ ಬ್ರಷ್ಷಿನಿಂದಲೇ ಸೋಪಿನ ನೀರು ಬಳಿದೆ. ಬಿಸಿಲು ಸರಿದ ಕಡೆಗೆಲ್ಲ ಕುಂಡ ಎಳೆದೆ.

ಅಡುಗೆಯನ್ನೂ ಕಲಿತಿದ್ದೇನೆ ಅಕ್ಕ. ಕೂದಲು ಕತ್ತರಿಸುವುದಷ್ಟೇ ಗೊತ್ತಿದ್ದ ನನಗೆ ಪಕ್ಕದಂಗಡಿಯ ದರ್ಜಿಯಮ್ಮ ಎರಡು ಜಡೆ ಹೆಣೆಯುವುದನ್ನು ಹೇಳಿಕೊಟ್ಟಿದ್ದಾರೆ.

ಮಂಗಳವಾರ ಅಂಗಡಿಗೆ ರಜೆ. ಮೊದಲ ಬಸ್ಸಿಗೇ ಬರುತ್ತೇನೆ. ಮಗಳ ಬಟ್ಟೆ ಕಟ್ಟಿಡು ಎಂದು ಈಗಲೇ ಕೇಳುವುದಿಲ್ಲ. ಅವತ್ತು ಬೆಳಿಗ್ಗೆ ಅವಳ ತಲೆ ಮಾತ್ರ ಬಾಚಬೇಡ. ಆ ಕೆಲಸ ನನಗೆ ಬಿಡು.

ಗಿರಾಕಿ ಕೂಗುತ್ತಿದ್ದಾನೆ, ಏಳುತ್ತೇನೆ.

ನಿನ್ನ ತಮ್ಮ