ಸೋರದ ಕೋಣೆ

ಕುಂದಾ ಕಡೆಯ ನಮ್ಮ ಹಟ್ಟಿ, 1926

ಕೂನೂರಿನ ಬಂಗಲೆಯಲ್ಲಿ ಬೆಚ್ಚಗಿರುವ ಯಜಮಾನರಿಗೆ,

ಬೆಟ್ಟದ ಹಿಂದೆ ಮೋಡ ಕಪ್ಪಾಗಿದೆ, ಮಳೆ ಇನ್ನೂ ಬಿದ್ದಿಲ್ಲ. ಅಷ್ಟರಲ್ಲೇ ಗಾಳಿ ಅಡಿಗೆಮನೆಯ ಸೂರಿನ ಹುಲ್ಲನ್ನು ಹೊತ್ತೊಯ್ದಿದೆ. ಸರಿಮಾಡುತ್ತೇನೆಂದು ಮೇಲೇರಿದ ನಿಮ್ಮ ಶೂರ ತಮ್ಮ ಬೋಜ ಸೂರು ಮುರಿದುಕೊಂಡು ರಾಗಿಯ ಗುಡಾಣದ ಮೇಲೆ ಬಿದ್ದ. ಒಡೆದದ್ದು ಗುಡಾಣ, ನರಳುತ್ತಿರುವುದು ಅವನು. ಆ ಸದ್ದಿಗೆ ಬೆದರಿದ ಎಮ್ಮೆ ಒಳನುಗ್ಗಿ ಒಲೆಯನ್ನೇ ತುಳಿದುಹಾಕಿತು.

ಮಗುವನ್ನು ಎಲ್ಲಿ ಮಲಗಿಸಲಿ ಎಂದು ಕೇಳಿದೆ. ನಿಮ್ಮಪ್ಪ, ಹೆಂಗಸರು ಹೊಗಬಾರದ ಹಾಲುಮನೆಯ ಬಾಗಿಲಿಗೆ ಅಡ್ಡ ಕೂತು, "ಹೆಮ್ಮಾತಿ ಒಳಗ ಕಾಲಿಟ್ಟರೆ ಎಮ್ಮೆ ಬತ್ತೋಗುತ್ತೆ" ಎಂದರು. ವರ್ಷವರ್ಷವೂ ನೀವು ಗಂಡಸರು ಹೊಸ ಹುಲ್ಲು ಹೊದಿಸುವುದು ಆ ಒಂದು ಕೋಣೆಗೆ ಮಾತ್ರ. ಹಾಲಿನ ಗಡಿಗೆ ನೆನೆಯಬಾರದು. ಹೆಂಗಸರು, ಮಕ್ಕಳು ನೆನೆಯಬಹುದು.

ಅವರನ್ನು ದಾಟಿಕೊಂಡೇ ಒಳಗೆ ಬಂದೆ. ಮಗು ಇಲ್ಲೇ ನಿದ್ದೆಹೋಗಿದೆ, ಈ ಕಾಗದವನ್ನೂ ಇಲ್ಲೇ ಕೂತು ಬರೆಯುತ್ತಿದ್ದೇನೆ. ಎಮ್ಮೆ ಸಂಜೆ ಎಂದಿನಷ್ಟೇ ಹಾಲು ಕೊಟ್ಟಿತು. ಅದಕ್ಕೆ ಯಾರೂ ಸುದ್ದಿ ಮುಟ್ಟಿಸಿಲ್ಲವೆಂದು ಕಾಣುತ್ತದೆ.

ಬರುವಾಗ ಒಂದು ಗುಡಾಣ ತನ್ನಿ. ಶುದ್ಧಿ ಮಾಡುವವರನ್ನು ಕರೆತರಬೇಡಿ. ಹಾಲಿನ ಗಡಿಗೆಯನ್ನು ಅಡಿಗೆಮನೆಗೆ ಸಾಗಿಸಿದ್ದೇನೆ. ಮಾವ ಅದರ ಮೇಲೆ ಕೊಡೆ ಬಿಚ್ಚಿ ಹಿಡಿದು, ಮಳೆ ಕಾಯುತ್ತ ಕೂತಿದ್ದಾರೆ.

ಇಂದು ತಾನೂ ಬೆಚ್ಚಗಿರುವ,
ಮಾದಿ