ಸಾಕ್ಷಿಯ ನಡುವೆ ಎಗರಿದ ಪ್ರಶ್ನೆ

ನ್ಯಾಯಾಲಯದ ಕಂಪ್ಯೂಟರ್ ವಿಭಾಗದ ಮಾನ್ಯ ಮುಖ್ಯಸ್ಥರೇ,

ನೀವು ನಮಗೆ ದಯಪಾಲಿಸಿರುವ ತಂತ್ರಾಂಶ ಕೆಲಸದ ನಡುವೆ ಎಗರಿಸುವ ಸಂದೇಶಗಳಿಂದ ನನಗೆ ಹೇಸಿಗೆಯಾಗಿದೆ. ಮೊದಲು ‘ಬೇಸರ’ ಎಂದು ಬರೆದಿದ್ದೆ, ಹೊಡೆದುಹಾಕಿ ತಿದ್ದಿದ್ದೇನೆ.

ನಾನು ಕೌಟುಂಬಿಕ ನ್ಯಾಯಾಲಯದ ಬೆರಳಚ್ಚುಗಾರ್ತಿ. ಕಿವಿ ಕೇಳದವರು ಸಾಕ್ಷಿಕಟ್ಟೆಗೆ ಬಂದಾಗ ವಕೀಲರ ಮಾತನ್ನು ಆ ಕ್ಷಣವೇ ಟೈಪ್ ಮಾಡುತ್ತೇನೆ; ಅವರು ಎದುರಿನ ಪರದೆಯಲ್ಲಿ ಓದಿ ಬಾಯಲ್ಲಿ ಉತ್ತರಿಸುತ್ತಾರೆ. ಈಚೆಗೆ, ಜ್ವರ ಬಂದು ಕಿವಿ ಹೋಗಿದ್ದ ಟೈಲರ್ ಹೆಂಗಸೊಬ್ಬರು, ಆರು ವರ್ಷದ ಮಗಳನ್ನು ತಮ್ಮ ಬಳಿಗೆ ಕಳುಹಿಸಿಕೊಡಿ ಎಂದು ಕೇಳಲು ಬಂದಿದ್ದರು. ಗಂಡನ ಕಡೆ ವಕೀಲರು, “ಮಗೂನ ಒಳಗೆ ಬಿಟ್ಟು ಬೀಗ ಹಾಕ್ಕೊಂಡು ಹೋಗ್ತಿದ್ರಂತೆ, ಹೌದಾ?” ಎಂದರು. ನಾನಿನ್ನೂ ಟೈಪ್ ಮಾಡುತ್ತಿದ್ದೆ. ತಂತ್ರಾಂಶದ ಹೊಸ ಆವೃತ್ತಿ ಸಾರುವ ನಿಮ್ಮ ಬಣ್ಣದ ಡಬ್ಬಿ ಎಗರಿ ಪರದೆಯನ್ನೇ ಮುಚ್ಚಿತು: “ಹೊಸತಿಗೆ ಸಿದ್ಧರಿದ್ದೀರಾ?”

ಆಕೆ ಅದನ್ನೇ ವಕೀಲರ ಪ್ರಶ್ನೆ ಎಂದುಕೊಂಡು ನೆಟ್ಟಗೆ ನಿಂತು ಹೇಳಿದರು: “ಹೌದು ಸ್ವಾಮಿ. ಮಗಳಿಗೋಸ್ಕರ.”

ವಕೀಲರ ಮುಖ ಅರಳಿತು. ಇಪ್ಪತ್ತೆರಡು ವರ್ಷದ ನೌಕರಿಯಲ್ಲಿ ಮೊದಲ ಸಲ ನಾನು ಎದ್ದು ನಿಂತು ಬಾಯಿ ಬಿಟ್ಟೆ. “ಸ್ವಾಮಿ, ಅವರು ಉತ್ತರ ಕೊಟ್ಟಿದ್ದು ಕಂಪ್ಯೂಟರಿಗೆ!” ನ್ಯಾಯಾಧೀಶರು ಕನ್ನಡಕ ಏರಿಸಿ ಪರದೆ ನೋಡಿದರು, ಉತ್ತರವನ್ನು ಹೊಡೆದುಹಾಕಿಸಿದರು, ವಿಚಾರಣೆಯನ್ನು ಮೂರು ವಾರ ಮುಂದೂಡಿದರು. ಅಲ್ಲಿಯವರೆಗೆ ಮಗು ಅಪ್ಪನ ಮನೆಯಲ್ಲೇ. ಹೊರಗಿನ ಬೆಂಚಿನ ಮೇಲೆ ಕೂತು, ನಡೆದದ್ದನ್ನು ಕಾಗದದಲ್ಲಿ ಬರೆದು ಆಕೆಗೆ ತೋರಿಸಿದೆ. ಎರಡು ಸಲ ಓದಿದರು.

“ಅಕ್ಕಾ, ನಿಮ್ಮ ಪರದೆನೇ ನಂಗೆ ಕಿವಿ. ಅದರಲ್ಲಿ ಬೇರೆ ಯಾರೋ ಮಾತಾಡ್ತಾರೆ ಅಂತ ನಂಗೆ ಹೇಗೆ ಗೊತ್ತಾಗ್ಬೇಕು?”

ಆ ಕಾಗದ ಹಿಡಿದೇ ನಿಮ್ಮ ಕಚೇರಿಗೆ ಬಂದೆ. ನಿಮ್ಮ ಸಹಾಯಕರು ಫೋನಿನಿಂದ ತಲೆ ಎತ್ತದೆಯೇ, “ಮೇಡಂ, ಅದು ಬಂದಾಗೆಲ್ಲ ‘ಆಮೇಲೆ ನೆನಪಿಸಿ’ ಅಂತ ಒತ್ಬಿಡಿ, ಅಷ್ಟೇ” ಎಂದರು. ಎಂಥ ಘನ ಪರಿಹಾರ! ಆ ತಾಯಿಗೂ, ಮಗಳನ್ನು ಆಮೇಲೆ ಸಾಕಿಕೊಳ್ಳಿ ಎನ್ನೋಣವೇ? ನಮ್ಮ ಕೋಣೆಯಲ್ಲಿ ಯಾರಾದರೂ ಜೋರಾಗಿ ಕೆಮ್ಮಿದರೂ ಜವಾನ ಗದರುತ್ತಾನೆ. ಸಾಕ್ಷಿ ಹೇಳುವವರ ನಡುವೆ ಬಾಯಿ ಹಾಕಲು ಈ ಡಬ್ಬಿಗೆ ಪರವಾನಗಿ ಕೊಟ್ಟವರು ಯಾರು? ಅದನ್ನು ಶಾಶ್ವತವಾಗಿ ನಿಲ್ಲಿಸುವ ಪಾಸ್‌ವರ್ಡ್ ನಿಮ್ಮೊಬ್ಬರ ಬಳಿ ಮಾತ್ರ ಇದೆಯಂತೆ. ಅದನ್ನು ಯಾವ ಶುಭಗಳಿಗೆಗೆಂದು ಜೋಪಾನ ಮಾಡಿದ್ದೀರಿ?

ಆಕೆಯ ವಿಚಾರಣೆ ಇದೇ ಗುರುವಾರ. ಬುಧವಾರ ಸಂಜೆಯೊಳಗೆ ಇಂಥ ಸಂದೇಶಗಳನ್ನೆಲ್ಲ ಬಂದ್ ಮಾಡಿಸಿ. ಇಲ್ಲವಾದರೆ ದಪ್ಪ ನೋಟ್‌ಬುಕ್ಕು, ಪೆನ್ನು ಹಿಡಿದು ಕೂರುತ್ತೇನೆ. ಒಂದೊಂದು ಪ್ರಶ್ನೆಯನ್ನೂ ಕೈಯಲ್ಲಿ ಬರೆದು ತೋರಿಸುತ್ತೇನೆ. ಇಷ್ಟು ತಡವೇಕೆ ಎಂದು ನ್ಯಾಯಾಧೀಶರು ಕೇಳಿದರೆ ನಿಮ್ಮ ಹುದ್ದೆಯನ್ನು ಸ್ಪಷ್ಟವಾಗಿ ಉಚ್ಚರಿಸುತ್ತೇನೆ.

ಇಂತಿ,
ಇನ್ನೊಬ್ಬರ ಮಾತನ್ನಷ್ಟೇ ಬರೆಯಲು ಸಂಬಳ ಪಡೆಯುವ,
ಇದೊಂದನ್ನು ಮಾತ್ರ ಪುಕ್ಕಟೆಯಾಗಿ ಬರೆದುಕೊಟ್ಟ ಬೆರಳಚ್ಚುಗಾರ್ತಿ